ಪಂಪು ಅಭ್ಯಾಸ ಆಗ್ತದಂತೆ!

ಎಂತ ಅಕ್ಕ, ನಿನ್ನೆ ರಾತ್ರಿ ಇಡೀ ನಿಮ್ಮ ಕೆಮ್ಮು ನಮ್ಮ ಜಗಲಿಗೆ ಕೇಳ್ತಿತ್ತು. ಮಣಿಪಾಲದ ಡಾಕ್ಟ್ರು ಕೊಟ್ಟ ದಮ್ಮಿನ ಪಂಪು ಉಂಟಲ್ಲ, ತೆಗೊಳ್ತಿದ್ದೀರಾ? ಕಮ್ಮಿ ಆಯ್ತಂತ ಬಿಟ್ರಾ? ಕಮ್ಮಿ ಆದದ್ದೇ ಅದರಿಂದ ಮಾರಾಯ್ರೆ!

ನಿಮ್ಮ ಹತ್ರ ಇರುವುದು ಎರಡು ನಮೂನೆ. ನೀಲಿಯದ್ದು ಸಾಲ್ಬ್ಯುಟಮಾಲ್. ದಮ್ಮು ಕಟ್ಟಿದಾಗ ಎಳೆದ್ರೆ ಐದು ನಿಮಿಷದಲ್ಲಿ ಶ್ವಾಸನಾಳ ಸಡಿಲ ಆಗ್ತದೆ, ನಾಲ್ಕಾರು ಗಂಟೆ ಇರ್ತದೆ, ಅಷ್ಟೇ. ಇನ್ನೊಂದು ಬೆಳಿಗ್ಗೆ, ರಾತ್ರಿ ಎಳೆಯುವಂಥದ್ದು. ಅದರಲ್ಲಿ ಒಳಗಿನ ಬಾವು ಇಳಿಸುವ ಬ್ಯುಡಿಸೊನೈಡ್ ಉಂಟು. ಬಾವು ಒಂದೇ ದಿನಕ್ಕೆ ಇಳಿಯುವುದಿಲ್ಲ. ಹುಷಾರಿದ್ದ ದಿನವೂ ಎಳೀಬೇಕು. ಅದನ್ನು ಬಿಟ್ಟು ನೀಲಿಯದ್ದನ್ನೇ ಮತ್ತೆ ಮತ್ತೆ ಎಳೆಯುವ ಹಾಗಾದ್ರೆ ಡಾಕ್ಟ್ರಿಗೆ ಹೇಳ್ಲೇಬೇಕು.

ಅಭ್ಯಾಸ ಆಗ್ತದೆ, ಸ್ಟ್ರಾಂಗ್ ಮದ್ದು ಅಂತ ಯಾರು ಹೇಳಿದ್ದು? ಸಾಲ್ಬ್ಯುಟಮಾಲ್ ಮಾತ್ರೆ 4 ಮಿಲಿಗ್ರಾಂ. ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ನಲವತ್ತರಲ್ಲಿ ಒಂದು ಪಾಲು! ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಕೈ ನಡುಗಿಸ್ತದೆ. ಇದು ಸೀದಾ ಶ್ವಾಸಕೋಶಕ್ಕೆ.

ಎಲ್ಲಿ, ದಿನಾ ಎಳೆಯುವುದನ್ನು ತನ್ನಿ, ನೋಡುವ. ಮೊದಲು ಕುಲುಕಿ. ಉಸಿರು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿ ಮಾಡಿ, ಎಳೀಲಿಕ್ಕೆ ಶುರು ಮಾಡಿದ ಹಾಗೇ ಒತ್ತಿ... ಅಯ್ಯೋ, ಬಾಯಿಂದ ಹೊಗೆ ಹಾಗೆ ಹೊರಗೆ ಬಂತು ನೋಡಿ. ಮದ್ದು ಗಾಳಿಗೆ ಹೋಯ್ತು. ಎಳೆಯುವುದು ನಿಧಾನ, ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡೀಬೇಕು. ಕೈಗೂ ಉಸಿರಿಗೂ ಹೊಂದುವುದಿಲ್ಲಾದ್ರೆ ಸ್ಪೇಸರ್ ಅಂತ ಪ್ಲಾಸ್ಟಿಕ್ಕಿನ ಡಬ್ಬಿ ಸಿಗ್ತದೆ, ಅದಕ್ಕೆ ಸಿಕ್ಕಿಸಿ ಎಳೆದ್ರಾಯ್ತು. ಈಗ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ರೆ ನಾಲಿಗೆ ಮೇಲೆ ಬಿಳಿ ಕಟ್ತದೆ. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿಮದ್ದಿನದ್ದು ತಿರುಗಾಮುರುಗಾ, ಅದನ್ನು ಜೋರಾಗಿ ಎಳೀಬೇಕು.

ಮತ್ತೆ ಆ ಬಚ್ಚಲೊಲೆ. ಎಲ್ಲೂರಿನ 1200 ಮೆಗಾವಾಟಿನ ವಿದ್ಯುತ್ ಸ್ಥಾವರದ ಹಾರುಬೂದಿ ವಿಷಯ ನಾವೆಲ್ಲ ಮಾತಾಡ್ತೇವೆ, ಮಾತಾಡ್ಲೇಬೇಕು. ಆದ್ರೆ ಮದುವೆಯಾಗಿ ಬಂದಲ್ಲಿಂದ ಹಂಡೆ ಬುಡಕ್ಕೆ ಮಡಲು, ತೆಂಗಿನ ಸಿಪ್ಪೆ ತುರುಕಿ ಊದಿದ ಹೊಗೆ ಎಲ್ಲಿ ಹೋಯ್ತು ಹೇಳಿ? ಬೀಡಿ ಮುಟ್ಟದ ಹೆಂಗಸರಿಗೂ ಸಿಒಪಿಡಿ ಅಂತ ಶ್ವಾಸನಾಳ ಕಟ್ಟುವ ಕಾಯಿಲೆ ಬರ್ಲಿಕ್ಕೆ ಒಲೆ ಹೊಗೆ ದೊಡ್ಡ ಕಾರಣ. ಮದ್ದು ಒಂದು ಕಡೆ, ಹೊಗೆ ಇನ್ನೊಂದು ಕಡೆ ಆದ್ರೆ ಆ ಶ್ವಾಸಕೋಶ ಎಂತ ಮಾಡ್ಬೇಕು? ನಾಳೆಯಿಂದ ಒಲೆ ಹಚ್ಚುವ ಕೆಲಸ ಮಗನಿಗೂ ಬೇಡ, ಸೊಸೆಗೂ ಬೇಡ, ಗ್ಯಾಸಿನಲ್ಲೇ ನೀರು ಕಾಯಿಸಿ.

ದಿನಾ ಎಳೆಯುವ ಪಂಪಿನ ಹಿಂದೆ ಎಷ್ಟು ಒತ್ತು ಬಾಕಿ ಅಂತ ನಂಬರ್ ಉಂಟು, ನೋಡಿದ್ರಾ? ಹನ್ನೆರಡು. ದಿನಕ್ಕೆ ನಾಲ್ಕರಂತೆ ಮೂರೇ ದಿನಕ್ಕೆ. ಮಗ ಪಡುಬಿದ್ರಿಗೆ ಹೋಗುವಾಗ ಚೀಟಿ ಕೊಟ್ಟು ಕಳಿಸಿ, ಹೊಸತು ಇವತ್ತೇ ಬರ್ಲಿ.