ಕೋಲನ್‌ರಾಯರು

ಪ್ರತಿ ಆಫೀಸಿನಲ್ಲೂ ಒಬ್ಬ ಕೋಲನ್‌ರಾಯರು ಇದ್ದೇ ಇರುತ್ತಾರೆ. ವಯಸ್ಸು ಇಪ್ಪತ್ತೈದೋ ಐವತ್ತೋ, ಗುರುತು ಒಂದೇ: ಅವರು ಕಟ್ಟಿದ ವೆಬ್ ಆ್ಯಪ್ ನೋಡಬೇಕಾದರೆ ವಿಳಾಸದ ಕೊನೆಗೆ ಕೋಲನ್ ಹಾಕಿ ಒಂದು ಅಂಕಿ ಒತ್ತಬೇಕು. ರಜೆ ಚೀಟಿಗೆ 8080, ಕ್ಯಾಂಟೀನ್ ಕೂಪನ್ನಿಗೆ 3000, ಸಂಬಳದ ಸ್ಲಿಪ್ಪಿಗೆ 5000. ಈ ಅಂಕಿಗಳನ್ನು ರಾಯರು ಆರಿಸಿದ್ದೂ ಅಲ್ಲ. ಟಾಮ್‌ಕ್ಯಾಟ್ 8080 ಎಂದಿತು, ಫ್ಲಾಸ್ಕ್ 5000 ಎಂದಿತು, ಇವರು ಹೂಂ ಎಂದರು. ಆ ವಿಳಾಸವನ್ನು ಅಕೌಂಟ್ಸ್‌ನ ಹಿರಿಯರಿಗೆ ಫೋನಿನಲ್ಲಿ ಹೇಳಿಕೊಡುವಾಗ ನೋಡಬೇಕು. "ಕೋಲನ್ ಹಾಕಿ ಸಾರ್." "ಫುಲ್‌ಸ್ಟಾಪಾ?" "ಅಲ್ಲ ಸಾರ್, ಒಂದರ ಮೇಲೊಂದು ಎರಡು ಚುಕ್ಕೆ." "ಹಾಕ್ದೆ. ಗೂಗಲ್ ಬಂತಲ್ಲಯ್ಯಾ!" ನಡುವೆ ಎಲ್ಲೋ ಒಂದು ಸ್ಪೇಸ್ ನುಸುಳಿರುತ್ತದೆ. ರಾಯರು ನಿಟ್ಟುಸಿರು ಬಿಟ್ಟು, ಬಳಸುವವರಿಗೆ ಬುದ್ಧಿಯಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ.

ತಕರಾರು ಇರುವುದು ಆ ತೀರ್ಮಾನದ ಬಗ್ಗೆಯೇ. ಕೋಲನ್ ಆದ ಮೇಲಿನ ಆ ಅಂಕಿ, ಅಂದರೆ ಪೋರ್ಟ್ ನಂಬರು, ಕಟ್ಟಿದವನ ತಲೆನೋವು, ಬಂದವನದಲ್ಲ. ಒಂದು ಯಂತ್ರಕ್ಕೆ 65,535 ಪೋರ್ಟುಗಳಿದ್ದರೂ, ವಿಳಾಸದಲ್ಲಿ ಏನೂ ಹೇಳದಿದ್ದರೆ ಬ್ರೌಸರು ಎಚ್‌ಟಿಟಿಪಿಗೆ 80ನ್ನೂ ಎಚ್‌ಟಿಟಿಪಿಎಸ್‌ಗೆ 443ನ್ನೂ ತಾನಾಗಿ ತಟ್ಟುತ್ತದೆ. ಜಗತ್ತೆಲ್ಲ ಒಪ್ಪಿಕೊಂಡ ಹೆಬ್ಬಾಗಿಲು ಅದು. ಹಾಗಿರುವಾಗ ನೆಂಟರಿಗೆ "ಛತ್ರದ ಮುಂದಿನಿಂದ ಬರಬೇಡಿ, ಹಿಂದೆ ಅಡುಗೆಮನೆ ಪಕ್ಕದ ಮೂರನೇ ಬಾಗಿಲು" ಎಂದು ಲಗ್ನಪತ್ರಿಕೆಯಲ್ಲೇ ಅಚ್ಚು ಹಾಕಿಸುವುದು ಎಂಥ ಮರ್ಯಾದೆ? ಅಷ್ಟಲ್ಲದೆ, ಎಷ್ಟೋ ಕಂಪನಿ, ಕಾಲೇಜುಗಳ ಫೈರ್‌ವಾಲು 80 ಮತ್ತು 443 ಬಿಟ್ಟು ಬೇರೆ ದಾರಿಯನ್ನೇ ಬಿಡುವುದಿಲ್ಲ. ಅಲ್ಲಿ ಕುಳಿತವನಿಗೆ ರಾಯರ ಆ್ಯಪ್ ಇದ್ದೂ ಇಲ್ಲ. ಇದಕ್ಕೆ ಇರುವ ಮದ್ದು ರಿವರ್ಸ್ ಪ್ರಾಕ್ಸಿ. ರಷ್ಯಾದ ಇಗೊರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಅಂಥದ್ದೊಂದು. ಹೆಬ್ಬಾಗಿಲಲ್ಲಿ ಕೂತು, ಬಂದವರು ಯಾರ ಹೆಸರು ಕೇಳುತ್ತಾರೋ ನೋಡಿ, ರಜೆಯವರನ್ನು 8080ಕ್ಕೂ ಕೂಪನ್ನಿನವರನ್ನು 3000ಕ್ಕೂ ಒಳಗೊಳಗೇ ಕಳಿಸುತ್ತದೆ. ಒಂದೇ ಐಪಿ, ಒಂದೇ ಬಾಗಿಲು, ಒಳಗೆ ಎಷ್ಟು ಕೋಣೆಯಾದರೂ ಇರಲಿ.

ರಾಯರು ಸುಮ್ಮನೆ ಒಪ್ಪುವವರಲ್ಲ. "ಅಷ್ಟೇ ತಾನೆ, ಸುಡೊ ಹಾಕಿ ಆ್ಯಪನ್ನೇ 80ರಲ್ಲಿ ಓಡಿಸಿದರಾಯಿತು" ಎನ್ನುತ್ತಾರೆ. ಸುಡೊ ಯಾಕೆಂದರೆ, ಲಿನಕ್ಸಿನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ರೂಟ್‌ಗೆ ಮೀಸಲಿಟ್ಟಿರುವುದು ವಾಡಿಕೆ. ಕೂಪನ್ ಆ್ಯಪಿಗೆ ರೂಟ್ ಅಧಿಕಾರ ಕೊಟ್ಟರೆ, ಅದರಲ್ಲೊಂದು ತೂತು ಸಿಕ್ಕವನಿಗೆ ಇಡೀ ಯಂತ್ರದ ಬೀಗದ ಕೈಗೊಂಚಲೇ ಸಿಕ್ಕಂತೆ. ರೂಟ್ ಇಲ್ಲದೆಯೂ 80 ಹಿಡಿಯಲು ಸೆಟ್‌ಕ್ಯಾಪ್ ಇದೆಯಲ್ಲ ಎಂದರೆ, ಇದೆ. ಆದರೆ ನಾಳೆ ಎರಡನೇ ಆ್ಯಪ್ ಬಂದಾಗ ಅದಕ್ಕೆ ಯಾವ 80 ಕೊಡುತ್ತಾರೆ? "ನಡುವೆ ಇನ್ನೊಂದು ಪದರ, ಕೆಡುವುದಕ್ಕೆ ಇನ್ನೊಂದು ಜಾಗ" ಎಂಬ ಅವರ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ನಾವು ಏನೂ ಹೇಳದಿದ್ದರೆ ಎಂಜಿನ್‌ಎಕ್ಸ್ ಒಂದು ಮೆಗಾಬೈಟಿಗಿಂತ ದೊಡ್ಡ ಫೈಲನ್ನು 413 ಎಂದು ವಾಪಸು ಅಟ್ಟುತ್ತದೆ. ಹಿಂದಿನ ಆ್ಯಪ್ 60 ಸೆಕೆಂಡು ತುಟಿ ಬಿಚ್ಚದಿದ್ದರೆ 504 ಎನ್ನುತ್ತದೆ. ಅದರ ಕಾನ್ಫಿಗ್‌ನಲ್ಲಿ ಪ್ರಾಕ್ಸಿ_ಪಾಸ್ ಸಾಲಿನ ತುದಿಯಲ್ಲಿ ಒಂದು ಸ್ಲ್ಯಾಶ್ ಹೆಚ್ಚುಕಡಿಮೆಯಾದರೆ ಅರ್ಧ ದಿನ ಹೋಯಿತು. ನಿಜವೇ. ಆದರೂ ಟಿಎಲ್‌ಎಸ್ ಸರ್ಟಿಫಿಕೇಟನ್ನು ಮೂರು ಆ್ಯಪಿಗೆ ಮೂರು ಬಗೆಯಲ್ಲಿ ಕಟ್ಟುವುದಕ್ಕಿಂತ ಒಂದೇ ಕಡೆ ಕಟ್ಟುವುದು ಸುಲಭ ಎಂಬುದು, ಅದರ ಅವಧಿ ಮುಗಿದ ಬೆಳಿಗ್ಗೆ ರಾಯರಿಗೂ ಗೊತ್ತಾಗುತ್ತದೆ.

ರಾಯರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರನ್ನು ನೋಡಿ ನಗುವ ನಾವು ಹೆಚ್ಚಿನವರು ಆ ಕಾನ್ಫಿಗ್ ಸಾಲುಗಳನ್ನು ಎಲ್ಲಿಂದಲೋ ಎತ್ತಿ ಅಂಟಿಸಿದವರು. ಅದರಲ್ಲಿ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ ಯಾಕೆ ಎಂದು ಕೇಳಿದರೆ ಕಾಫಿಗೆ ಎದ್ದು ಹೋಗುತ್ತೇವೆ. ರಾಯರಾದರೋ ರಾತ್ರಿ ಕೂತು ಆ ಕೂಪನ್ ಆ್ಯಪನ್ನು ನಿಜವಾಗಿ ಕಟ್ಟಿದವರು. ಎರಡು ಗಂಟೆಗೆ ಮೊದಲ ಪುಟ ಮೂಡಿದಾಗ ವಿಳಾಸದ ಪಟ್ಟಿಯಲ್ಲಿ ಇದ್ದದ್ದು ಲೋಕಲ್‌ಹೋಸ್ಟ್, ಕೋಲನ್, 3000. ಕಣ್ಣಿಗೆ ಆ ಅಂಕಿಯೇ ಅಂಟಿಕೊಂಡಿತು. ತಮಗೆ ಕಂಡಂತೆಯೇ ಎಲ್ಲರಿಗೂ ತೋರಿಸುವ ಆತುರದಲ್ಲಿ ಬಾಗಿಲು ಇಡುವುದು ಮರೆತುಹೋಯಿತು, ಅಷ್ಟೇ. ಬಾಗಿಲು ಚೆಂದ ಮಾಡಿ ಒಳಗೆ ಏನೂ ಕಟ್ಟದವರು ಊರಿನಲ್ಲಿ ಬೇಕಾದಷ್ಟಿದ್ದಾರೆ.

ಹಾಗಾಗಿ ರಾಯರೇ, ಒಂದೇ ವಿನಂತಿ. ಎಂಜಿನ್‌ಎಕ್ಸ್‌ನ ಸರ್ವರ್ ಬ್ಲಾಕ್ ಎಂದರೆ ಹತ್ತು ಸಾಲು, ಇವತ್ತು ಸಂಜೆಯೇ ಬರೆದುಬಿಡಿ. ಬರೆದ ಮೇಲೆ ಆ್ಯಪನ್ನು 127.0.0.1ಕ್ಕೆ ಮಾತ್ರ ಕಟ್ಟಿಹಾಕಿ. ಇಲ್ಲದಿದ್ದರೆ ಹೆಬ್ಬಾಗಿಲು ಇಟ್ಟ ಮೇಲೂ ನಿಮ್ಮ ಹಿತ್ತಲ 8080 ಹಾರುಹೊಡೆದೇ ಇರುತ್ತದೆ.