ಸ್ಟೆಪ್ನಿಗೊಂದು ದೀಪೋತ್ಸವ

ರಾತ್ರಿ ಗಟ್ಟಿಮುಟ್ಟಾಗಿ ಮಲಗಿದ ನಮ್ಮ ಹಳೇ ಕಾರು, ಬೆಳಿಗ್ಗೆ ಕೀ ತಿರುಗಿಸಿದರೆ 'ಟಿಕ್' ಎಂದು ಸುಮ್ಮನಾಗುತ್ತಿತ್ತು. ತಳ್ಳಿ ತಳ್ಳಿ ಅಕ್ಕಪಕ್ಕದವರೆಲ್ಲ ತೆಳ್ಳಗಾದರು. ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು.

ಕೊನೆಗೆ ಮೆಕ್ಯಾನಿಕ್ ಬಂದ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ನಡುವೆ ಮೀಟರ್ ಸಿಕ್ಕಿಸಿದ. ಕಾರು ಆಫ್ ಇದ್ದಾಗ 50 ಮಿಲಿಆಂಪ್ ದಾಟಬಾರದ ಕಡೆ 400! ಒಂದೊಂದೇ ಫ್ಯೂಸ್ ಕಿತ್ತ. ನಾಲ್ಕನೆಯದಕ್ಕೆ ಅಂಕಿ ದಬಕ್ಕನೆ ಇಳಿಯಿತು. ಕಳ್ಳ ಸಿಕ್ಕಿದ: ಡಿಕ್ಕಿಯ 5 ವ್ಯಾಟ್ ಬಲ್ಬು. ಸ್ವಿಚ್ ಕೆಟ್ಟು, ಡಿಕ್ಕಿ ಮುಚ್ಚಿದರೂ ಸ್ಟೆಪ್ನಿಗೆ ರಾತ್ರಿಯಿಡೀ ದೀಪೋತ್ಸವ. ವಯಸ್ಸಾದ ಬ್ಯಾಟರಿ ಎಷ್ಟೆಂದು ತಡೆದೀತು?

"ಲೈಟ್ ಆರಿಸ್ರೋ" ಎಂದು ದಿನವೂ ಬೈಸಿಕೊಳ್ಳುವ ಮಕ್ಕಳು ಮುಸಿಮುಸಿ ನಕ್ಕರು.

ಬ್ಯಾಟರಿಗೆ ಶಾಪ ಹಾಕುವ ಮೊದಲು, ಮೊಬೈಲಿನಲ್ಲಿ ವಿಡಿಯೊ ಶುರುಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿ ನೋಡಿ. ಕೀ ಮಾತ್ರ ಹೊರಗಿರಲಿ.