ಬೀಳದ ಶಾಲೆಯ ಮೇಲೊಂದು ದೂರು

ನಮ್ಮ ಮಲೆನಾಡಿನ ಹಳ್ಳಿಯ ಸರ್ಕಾರಿ ಶಾಲೆಯ ಮೇಲೆ ಊರ ಗಣ್ಯರದ್ದು ಒಂದೇ ದೂರು: ಅದು ಬೀಳುತ್ತಿಲ್ಲ. ಜಂಬಿಟ್ಟಿಗೆ ಗೋಡೆ, ಹಲಸಿನ ತೊಲೆ, ಮಂಗಳೂರು ಹೆಂಚು. ಮುತ್ತಜ್ಜಂದಿರು ಮುಂದಿನವರ ಹೊಟ್ಟೆಪಾಡು ನೆನೆಯದೆ ಕಟ್ಟಿಬಿಟ್ಟಿದ್ದಾರೆ. ಬಿದ್ದಿದ್ದರೆ ಅನುದಾನ ಬರುತ್ತಿತ್ತು, ಟೆಂಡರ್ ಆಗುತ್ತಿತ್ತು. ಪಕ್ಕದ ಆರ್‌ಸಿಸಿ ಕೊಠಡಿಯನ್ನು ನೋಡಿಯಾದರೂ ಕಲಿಯಬಾರದೆ? ಮೂರನೇ ಮಳೆಗಾಲಕ್ಕೇ ಸೋರಿ ರಿಪೇರಿಯ ದುಡ್ಡು ತರಿಸಿಕೊಂಡಿತು. ಅದು ಸೋರುವಾಗ ಮಕ್ಕಳು ಕೂರುವುದು ಹಳೇ ಕಟ್ಟಡದಲ್ಲೇ.

ಹಾಗೆಂದು ಅಭಿಮಾನಕ್ಕೆ ಬರವಿಲ್ಲ. ಹಳೇ ವಿದ್ಯಾರ್ಥಿಗಳು ಸೇರಿ ಉತ್ಸವ ಮಾಡಹೊರಟರು. ಶಾಲೆಗೆ ವಯಸ್ಸೆಷ್ಟು? ದಾಖಲೆಯನ್ನು ಗೆದ್ದಲು ಓದಿ ಮುಗಿಸಿತ್ತು. ಪದಾಧಿಕಾರಿಯೊಬ್ಬರು ಏಣಿ ಹಾಕಿ ಹೆಂಚೊಂದನ್ನು ಇಳಿಸಿದರು. ಅದರ ಮೇಲೆ 1865 ಎಂಬ ಅಚ್ಚು! ಅಲ್ಲಿಗೆ ಶಾಲೆಗೆ 160 ತುಂಬಿತು.

"ಸ್ವಾಮಿ, ಅದು ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಮೈಸೂರು ಸಂಸ್ಥಾನಕ್ಕೆ ಕಡ್ಡಾಯ ಶಿಕ್ಷಣದ ಕಾನೂನು ಬಂದದ್ದೇ 1913ರಲ್ಲಿ. ನಮ್ಮ ಶಾಲೆ ಅದರ ಆಚೀಚಿನದು" ಎಂದರು ಮೇಷ್ಟರು.

"ಫ್ಲೆಕ್ಸ್ ಪ್ರಿಂಟಾಗಿದೆ ಮೇಷ್ಟ್ರೇ."

ಇತಿಹಾಸ ಬಾಯಿ ಮುಚ್ಚಿಕೊಂಡಿತು.

ವೇದಿಕೆಯಲ್ಲಿ 'ಕನ್ನಡ ಶಾಲೆ ಉಳಿಸಿ' ಎಂದು ಗಂಟಲು ಹರಿದುಕೊಂಡವರ ಮೊಮ್ಮಕ್ಕಳು ಬಂದಿರಲಿಲ್ಲ. ಪೇಟೆಯ ಕಾನ್ವೆಂಟಿನಲ್ಲಿ ಅಂದು ಟೆಸ್ಟು. ಅವರನ್ನು ಹೊತ್ತೊಯ್ಯುವ ಹಳದಿ ವ್ಯಾನು ದಿನಾ ತಿರುಗಿಸಿಕೊಳ್ಳುವುದು ನಮ್ಮ ಶಾಲೆಯ ಅಂಗಳದಲ್ಲೇ. ಜಾಗ ವಿಶಾಲವಾಗಿದೆ ನೋಡಿ, ಆಡುವುದಕ್ಕೆ ಉಳಿದಿರುವುದು ಹನ್ನೊಂದೇ ಮಕ್ಕಳು.

ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಶಿಕ್ಷಕರು. ಒಬ್ಬರು ಇಲ್ಲಿದ್ದಾರೆ: ಐದು ತರಗತಿ, ಬಿಸಿಯೂಟದ ಲೆಕ್ಕ, ಹಾಲಿನ ಪುಡಿ, ಮತದಾರರ ಪಟ್ಟಿ ಎಲ್ಲಕ್ಕೂ ಅವರೇ. ಇನ್ನೊಬ್ಬರು ಕಾಯಿದೆಯಲ್ಲೇ ಇದ್ದಾರೆ.

ಉತ್ಸವ ಭರ್ಜರಿಯಾಯಿತು. ಇಳಿಸಿದ ಹೆಂಚಿಗೆ ಗಾಜಿನ ಚೌಕಟ್ಟು ಹಾಕಿಸಿ, ಮುಖ್ಯ ಅತಿಥಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಸ್ಮರಣಿಕೆಯಾಗಿ ಕೊಟ್ಟರು. ಅವರು ಅದನ್ನು ಎದೆಗವಚಿಕೊಂಡು ಫೋಟೋ ತೆಗೆಸಿಕೊಂಡು ಕಾರು ಹತ್ತಿದರು.

ಹೆಂಚು ಕಿತ್ತ ಜಾಗಕ್ಕೆ ಇನ್ನೊಂದು ಹೆಂಚು ಹೊದಿಸುವುದು ಯಾರಿಗೂ ನೆನಪಾಗಲಿಲ್ಲ. ಈ ಮಳೆಗಾಲ ಮೊದಲ ಸಲ ಹಳೇ ಶಾಲೆ ಸೋರಿತು, ಸರಿಯಾಗಿ ಮೂರನೇ ಕ್ಲಾಸಿನವರ ನೆತ್ತಿಯ ಮೇಲೆ.

ಊರಿನವರ ದೂರು ಬಗೆಹರಿದಿದೆ. ಕಟ್ಟಡ ಶಿಥಿಲವಾಗಿದೆಯೆಂದು ಅರ್ಜಿ ಹೋಗಿದೆ.